ಎಡಗಣ್ಣಿನ ಸಾಕ್ಷಿ

ಸೃಷ್ಟಿ ವ್ಯೂವರನ್ನು ಕಣ್ಣಿಗೆ ಹಿಡಿದು ಹತ್ತು ಎಣಿಸುವಷ್ಟರಲ್ಲಿ ಕೆಳಗಿಳಿಸಿದಳು. ಎರಡೂ ಕಣ್ಣಲ್ಲಿ ನೀರು ತುಂಬಿತ್ತು. ಹಣೆ ಒತ್ತಿಕೊಂಡು, ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದಳು.

"ಕಾಕಾ, ಇದನ್ನ ನೀವು ಎಷ್ಟ ಹೊತ್ತು ನೋಡಿದ್ರಿ?"

"ಮೊದಲನೇ ದಿನ ಅರ್ಧಾ ತಾಸು. ಆಮ್ಯಾಲೂ ನಾಕೈದು ಸಲ ನೋಡೀನಿ."

"ತಲಿ ನೋಯಲಿಲ್ಲೇನ್ರಿ?"

"ಏನೂ ಇಲ್ಲವ್ವಾ," ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅರವತ್ತಾರರ ವಯಸ್ಸಿನಲ್ಲಿ ನನ್ನ ಕಣ್ಣು ಇಪ್ಪತ್ತಾರರ ಹುಡುಗಿಯ ಕಣ್ಣಿಗಿಂತ ಗಟ್ಟಿ ಎಂದು ತೋರಿಸಿಕೊಳ್ಳುವ ಚಪಲ. ಆ ಚಪಲವೇ ನನ್ನನ್ನು ಹಿಡಿದುಕೊಡುತ್ತದೆಂದು ನನಗಾಗ ಹೊಳೆಯಲಿಲ್ಲ.

ನಾವಿದ್ದದ್ದು ಖಾನಾಪುರದ ಬಜಾರಿನಲ್ಲಿರುವ ಸೃಷ್ಟಿಯ ಚಸ್ಮಾ ಅಂಗಡಿಯಲ್ಲಿ. ಅವಳು ತೀರಿಹೋದ ನನ್ನ ತಮ್ಮನ ಮಗಳು, ಕಣ್ಣು ಪರೀಕ್ಷೆ ಮಾಡುವ ಓದು ಓದಿದವಳು. ಬಾಗಿಲ ಬಳಿಯ ಬೆಂಚಿನ ಮೇಲೆ ಮಾಯವ್ವ ಕೂತಿದ್ದಳು, ಮಡಿಲಲ್ಲಿ ಬಟ್ಟೆಯ ಚೀಲ.

ಜಾಂಬೋಟಿಯ ಕಾಡಿನಲ್ಲಿ ಬಂಡೆಯ ಮೇಲಿಂದ ಬಿದ್ದು ಸುಜಯ ಸತ್ತು ಹತ್ತೊಂಬತ್ತು ದಿನವಾಗಿತ್ತು. ಅವನನ್ನು ತಳ್ಳಿದ ಆರೋಪ ಹೊತ್ತು ಒಳಗೆ ಕೂತಿದ್ದವನು ಮಾಯವ್ವನ ಮಗ ಗಜಾನನ. ಅವನನ್ನು ಒಳಗೆ ಕೂಡಿಸಿದ್ದು ನನ್ನ ಸಹಿ.

ಮಾಯವ್ವ ಮೂರು ದಿನ ಬೆಳಗಾವಿಯ ಮಹಾಂತೇಶ ನಗರದ ನನ್ನ ಮನೆಯ ಗೇಟಿನ ಮುಂದೆ ಬಂದು ಕೂತಿದ್ದಳು. ಅಳಲಿಲ್ಲ, ಬೈಯಲಿಲ್ಲ, ಸುಮ್ಮನೆ ಕೂತಳು. ಓಣಿಯ ಜನ ನೋಡತೊಡಗಿದ ಮೇಲೆ ನನಗೆ ಕಸಿವಿಸಿಯಾಯಿತು. ನನ್ನ ಮಾತು ಸರಿಯೆಂದು ಇನ್ನೊಬ್ಬರ ಬಾಯಿಂದ ಹೇಳಿಸಿ ಅವಳನ್ನು ಸಾಗಹಾಕೋಣವೆಂದೇ ಖಾನಾಪುರಕ್ಕೆ ಕರೆದುಕೊಂಡು ಬಂದಿದ್ದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ವ್ಯೂವರ್ ಎಂದರೆ ದೊಡ್ಡ ಸಾಮಾನೇನಲ್ಲ. ಹಿಡಿಕೆಯಿರುವ ಸಣ್ಣ ಡಬ್ಬಿ, ಮೂಗಿನ ಮೇಲೆ ಕೂರುವ ಎರಡು ಮಸೂರ. ಎದುರಿಗೆ ಒಂದು ಕಾರ್ಡು, ಕಾರ್ಡಿನ ಮೇಲೆ ಒಂದೇ ನೋಟದ ಎರಡು ಚಿತ್ರ: ಎಡಗಣ್ಣಿಗೊಂದು, ಬಲಗಣ್ಣಿಗೊಂದು. ಎರಡು ಕಣ್ಣೂ ಕೂಡಿ ನೋಡಿದಾಗ ಕಾಗದ ಮರೆತುಹೋಗಿ, ಮುಂದಿನದು ಮುಂದೆ, ಹಿಂದಿನದು ಹಿಂದೆ, ನಡುವೆ ಕೈ ಹಾಕಬಹುದು ಎನ್ನುವಷ್ಟು ಜಾಗ. ಬೆಳಗಾವಿ ಹತ್ತಿರದ ಮಚ್ಛೆ ಊರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಇವನ್ನು ಮಾಡಿ ಗೋವಾದ ಅಂಗಡಿಗಳಿಗೆ ಕಳಿಸುತ್ತಾರೆ. ಕಳಿಸುವವನು ನನ್ನ ಮಗ ಪ್ರಸಾದ. ಮಸೂರ ರೂಪಿಸುತ್ತಿದ್ದವನು, ಚಿತ್ರ ತೆಗೆಯುತ್ತಿದ್ದವನು ಸುಜಯ. ಅವನ ಕ್ಯಾಮೆರಾ ಹೊರುತ್ತಿದ್ದವನು ಗಜಾನನ.

ಆ ದಿನ ಸುಜಯ ಜೋಡಿ ಕ್ಯಾಮೆರಾವನ್ನು ಎರಡು ನಿಮಿಷಕ್ಕೊಮ್ಮೆ ತಾನೇ ಕ್ಲಿಕ್ ಆಗುವಂತೆ ಇಟ್ಟು, ಬಂಡೆಯ ತುದಿಯಲ್ಲಿ ಹೋಗಿ ನಿಂತಿದ್ದ. ನೋಟದ ಆಳ ತಿಳಿಯಲು ಚಿತ್ರದಲ್ಲೊಬ್ಬ ಮನುಷ್ಯ ಬೇಕು ಎನ್ನುವುದು ಅವನ ಪದ್ಧತಿ. ಎಂಟು ನಲವತ್ತೆರಡರ ಚಿತ್ರದಲ್ಲಿ ಸುಜಯ ಇದ್ದಾನೆ. ಪಕ್ಕದಲ್ಲಿ, ಎದೆಯವರೆಗೆ ಹುಲ್ಲಿನ ಮರೆಯಲ್ಲಿ, ಕಂಬಳಿ ಕೊಪ್ಪೆ ಹೊದ್ದ ಗಜಾನನ. ಎಂಟು ನಲವತ್ನಾಲ್ಕರ ಚಿತ್ರದಲ್ಲಿ ಬಂಡೆ ಬರಿದು.

ತಾನು ಅಲ್ಲಿನ ಕೊರಕಲಿನ ಆಚೆ ದಂಡೆಯಲ್ಲಿದ್ದೆ, ಬಂಡೆಗೆ ಸುತ್ತು ಹಾಕಿ ಬರಲು ಕಾಲು ತಾಸು ಬೇಕು ಎನ್ನುವುದು ಗಜಾನನನ ಹೇಳಿಕೆ. ಹಾಗಾದರೆ ಪ್ರಶ್ನೆ ಒಂದೇ: ಅವನು ಸುಜಯನ ಬಾಜೂಕಿದ್ದನೋ, ಹದಿನೈದು ಅಡಿ ಹಿಂದಿದ್ದನೋ? ಬರಿಗಣ್ಣಿನ ಫೋಟೋದಲ್ಲಿ ಅದು ತಿಳಿಯದು, ವ್ಯೂವರಿನಲ್ಲಿ ತಿಳಿಯಬೇಕು. ತನಿಖೆಯವರು ಎಂಟು ನಲವತ್ತೆರಡರ ಆ ಚಿತ್ರದ ಎರಡು ಕಾರ್ಡುಗಳನ್ನು ಕಾರ್ಖಾನೆಯಿಂದಲೇ ಮಾಡಿಸಿದರು; ಒಂದು ಕಡತಕ್ಕೆ ಹೋಯಿತು, ಇನ್ನೊಂದು ನನ್ನ ಹತ್ತಿರ ಉಳಿಯಿತು. ಅಧಿಕಾರಿ ತಾವೂ ಒಮ್ಮೆ ಇಣುಕಿ, ತಲೆ ತಿರುಗುತ್ತದೆಂದು ಕೆಳಗಿಟ್ಟು, ಮೂವತ್ತೊಂದು ವರ್ಷ ಪೊಲೀಸ್ ಫೋಟೋಗ್ರಾಫರ್ ಆಗಿ ನಿವೃತ್ತನಾದ ಈ ದುಂಡಪ್ಪ ಕರಡಿಗುದ್ದಿಯ ಮುಂದೆ ತಂದರು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತಿದ್ದಾರೆ ಎಂದು ಬರೆದು ನಾನು ಸಹಿ ಹಾಕಿದೆ. ತಜ್ಞರ ಸಹಿ ಬಿದ್ದಮೇಲೆ ಕ್ಯಾಮೆರಾದ ಮೆಮೊರಿ ಕಾರ್ಡಿನ ಮೊಹರು ಮತ್ತೆ ಯಾರೂ ಒಡೆಯಲಿಲ್ಲ.

ಸೃಷ್ಟಿ ಸ್ಕೇಲು ತೆಗೆದು ವ್ಯೂವರಿನಲ್ಲಿದ್ದ ನನ್ನ ಆ ಎರಡನೇ ಕಾರ್ಡನ್ನು ಅಳೆದಳು. ಎಡಗಡೆಯ ಚಿತ್ರ ಬಲಗಡೆಯದಕ್ಕಿಂತ ಎರಡೂವರೆ ಮಿಲಿಮೀಟರ್ ಮೇಲಿದೆ ಎಂದಳು. ಹಾಗಿದ್ದರೆ ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ ಎಳೆಯುತ್ತದೆ; ಚಿತ್ರ ಕೂಡುವುದಿಲ್ಲ, ಕಣ್ಣು ನೀರಾಡುತ್ತದೆ, ಹಣೆ ಸಿಡಿಯುತ್ತದೆ. ಎರಡು ಕಣ್ಣಿದ್ದವರು ಯಾರೂ ಇದನ್ನು ಅರ್ಧ ತಾಸು ನೋಡಲಾರರು ಎಂದಳು.

ಆಮೇಲೆ ಶೆಲ್ಫಿನಿಂದ ಬೇರೊಂದು ಕಾರ್ಡು ತೆಗೆದು ವ್ಯೂವರಿಗೆ ಸಿಕ್ಕಿಸಿ ನನಗೆ ಕೊಟ್ಟಳು. ಕುಂಬಾರನ ತಿಗರಿ, ಅದರ ಸುತ್ತ ಗಡಿಗೆಗಳು. ಇದು ಚಲೋ ಕಾರ್ಡು, ನೋಡ್ರಿ ಎಂದಳು. ನೋಡಿದೆ. ಅಂಚಿನಲ್ಲಿ ಸ್ವಲ್ಪ ನೀಲಿ ಬಣ್ಣ ಒಸರಿದೆ, ಉಳಿದಂತೆ ಸ್ವಚ್ಛವಾಗಿದೆ ಎಂದು ತೀರ್ಪು ಕೊಟ್ಟೆ.

"ಈಗ?"

"ಈಗೂ ಹಂಗ ಐತಿ. ಭಾಳ ಚಲೋ."

"ಏನೂ ಫರಕ್ ಇಲ್ಲ?"

"ಇಲ್ಲ."

"ಕಾಕಾ," ಅವಳ ದನಿ ಸಣ್ಣಗಾಯಿತು, "ನಾ ಎಡಗಡೆ ಮಸೂರಕ್ಕ ಕಾಗದ ಅಡ್ಡಾ ಹಿಡದೀನಿ."

ವ್ಯೂವರ್ ಕೆಳಗಿಳಿಸಲು ನನಗೆ ಧೈರ್ಯವಾಗಲಿಲ್ಲ. ಇಳಿಸಿದರೆ ಅವಳ ಮುಖ ನೋಡಬೇಕು, ಬೆಂಚಿನ ಮೇಲಿದ್ದವಳ ಮುಖವನ್ನೂ ನೋಡಬೇಕು. ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ ಆ ಡಬ್ಬಿಯ ಹಿಂದೆ ಅಡಗಿಕೊಂಡೆ.

ನನ್ನ ಎಡಗಣ್ಣು ಹುಟ್ಟಿನಿಂದಲೇ ಮಂಜು. ನೋಡಿದವರಿಗೆ ಗೊತ್ತಾಗುವುದಿಲ್ಲ, ನೇರವಾಗಿಯೇ ಇದೆ, ಕಾಣುವುದಿಲ್ಲ ಅಷ್ಟೆ. ಪೊಲೀಸ್ ಭರ್ತಿಯ ಕಣ್ಣಿನ ಪರೀಕ್ಷೆಯ ದಿನ ಸಾಲಿನಲ್ಲಿ ನನ್ನ ಮುಂದಿದ್ದ ಗೆಳೆಯ ಬಾಳೇಶ ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಉರು ಹೊಡೆದು ಬಂದು, ಶೆಡ್ಡಿನ ಹಿಂದೆ ನನ್ನಿಂದ ಮೂರು ಸಲ ಹೇಳಿಸಿದ್ದ. ಬಲಗಣ್ಣು ಮುಚ್ಚಿಕೊಂಡು ನಾನು ಅಷ್ಟನ್ನೂ ಒಪ್ಪಿಸಿದೆ. ನಾನು ಪಾಸಾದೆ. ಕಣ್ಣು ಸರಿಯಿದ್ದ ಬಾಳೇಶ ಓಟದಲ್ಲಿ ಬಿದ್ದು ಮನೆಗೆ ಹೋದ.

ಆಮೇಲೆಲ್ಲ ಸುಲಭವಾಯಿತು. ಕ್ಯಾಮೆರಾದವನು ಒಂದು ಕಣ್ಣು ಮುಚ್ಚುವುದನ್ನು ಯಾರು ಅನುಮಾನಿಸುತ್ತಾರೆ? ಹೆಂಡತಿ ಕಾಂತಾಳಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ವ್ಯೂವರ್ ಹಿಡಿದು ಬೇರೆಯವರು ಬೆರಗಾದಾಗಲೆಲ್ಲ ನಾನೂ ಬೆರಗಾದಂತೆ ನಟಿಸಿದೆ. ನನ್ನ ಪಾಲಿಗೆ ಆ ಕಾರ್ಡಿನ ಮೇಲಿನ ಜಗತ್ತೆಲ್ಲ ಒಂದೇ ಗೋಡೆಗೆ ಅಂಟಿಸಿದ್ದು. ಎಲ್ಲರೂ ಎಲ್ಲರ ಭುಜಕ್ಕೆ ಭುಜ ತಾಗಿಸಿಯೇ ನಿಂತಿರುತ್ತಾರೆ. ಅಧಿಕಾರಿ ಕೇಳಿದಾಗ, ನನ್ನಿಂದ ಆಗುವುದಿಲ್ಲ ಸಾಹೇಬರೇ ಎಂಬ ಒಂದು ಮಾತು ಸಾಕಿತ್ತು. ನನಗೆ ತಿಳಿದಿತ್ತು. ತಿಳಿದೂ ಸಹಿ ಹಾಕಿದೆ.

ಇಷ್ಟನ್ನೂ ಸೃಷ್ಟಿಗೆ ಹೇಳಿದೆ. ಹೇಳುವಷ್ಟು ಹೊತ್ತೂ ಕೈಲಿದ್ದ ವ್ಯೂವರಿನ ಹಿಡಿಕೆಯನ್ನೇ ನೋಡುತ್ತಿದ್ದೆ. ಮುಗಿದ ಮೇಲೆ ಬೆಂಚಿನ ಕಡೆಯಿಂದ ಮಾಯವ್ವನ ದನಿ ಬಂತು.

"ಸಾಹೇಬ್ರ, ನನಗ ಆ ಡಬ್ಬಿ ನೋಡೂದು ಗೊತ್ತಿಲ್ರಿ. ಆದ್ರ ಫೋಟೋ ನೋಡೀನಿ. ನನ್ನ ಮಗಾ ಆ ಸುಜಯಪ್ಪಗಿಂತ ಒಂದು ಮೊಳ ಎತ್ತರ ಅದಾನ, ಮ್ಯಾಲ ಕೊಪ್ಪಿ ಬ್ಯಾರೆ. ಬಾಜೂಕ ನಿಂತಿದ್ರ ಅವ ದೊಡ್ಡಾವ ಕಾಣಬೇಕಾಗಿತ್ತಲ್ರಿ. ಫೋಟೋದಾಗ ಇಬ್ಬರೂ ಸಮಾ ಅದಾರ. ಅಂದ್ರ ಅವ ದೂರ ಅದಾನ ಹೌದಲ್ರಿ?"

ಅದಕ್ಕೆ ಮಸೂರ ಬೇಡ, ಎರಡು ಕಣ್ಣೂ ಬೇಡ. ಮೂವತ್ತೊಂದು ವರ್ಷ ಫೋಟೋ ತೆಗೆದವನಿಗೆ ಮೊದಲ ದಿನವೇ ಕಾಣಬೇಕಿದ್ದ ಮಾತು. ನನ್ನ ಗುಟ್ಟು ಕಾಯುವ ಗಡಿಬಿಡಿಯಲ್ಲಿ ಇದ್ದ ಒಂದು ಕಣ್ಣನ್ನೂ ನಾನು ಸರಿಯಾಗಿ ಬಳಸಿರಲಿಲ್ಲ.

"ಕಾಣವಲ್ದು ಅಂತ ಮೊದಲ ಯಾಕ ಹೇಳಲಿಲ್ರಿ?" ಮಾಯವ್ವ ಕೇಳಿದಳು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದಳು.

"ನಾಚಿಕಿ ಬಂತವ್ವಾ," ಎಂದೆ.

ಸೃಷ್ಟಿ ಬ್ಲೇಡು ತೆಗೆದುಕೊಂಡಳು. ಎರಡೂ ಚಿತ್ರಗಳನ್ನು ರಟ್ಟಿನಿಂದ ನಿಧಾನವಾಗಿ ಬಿಡಿಸಿ, ಹೊಸ ರಟ್ಟಿನ ಮೇಲೆ ಗೆರೆ ಎಳೆದು, ಒಂದೇ ಮಟ್ಟಕ್ಕೆ ಅಂಟಿಸಿದಳು. ವ್ಯೂವರಿಗೆ ಸಿಕ್ಕಿಸಿ ನೋಡಿದಳು. ಈ ಸಲ ಕಣ್ಣಲ್ಲಿ ನೀರು ಬರಲಿಲ್ಲ.

"ಕೊರಕಲು ಕಾಣಸ್ತೈತ್ರಿ ಕಾಕಾ. ನಡುವ ದೊಡ್ಡ ಕೊರಕಲು ಐತಿ. ಗಜಾನನ ಆಚಿ ದಂಡಿ ಮ್ಯಾಲ ಅದಾನ."

ಮಾಯವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸೃಷ್ಟಿ ವ್ಯೂವರ್ ಇಳಿಸಲಿಲ್ಲ. ಬಹಳ ಹೊತ್ತು ನೋಡಿದಳು. ಇಳಿಸಿ, ಮಸೂರ ಒರೆಸಿ, ಮತ್ತೊಮ್ಮೆ ನೋಡಿದಳು. ಆಮೇಲೆ ಅದನ್ನು ಮೇಜಿನ ಮೇಲೆ ಬೋರಲಾಗಿಟ್ಟು, ಪ್ರಸಾದಣ್ಣ ಊರಲ್ಲಿದ್ದಾನೆಯೇ ಎಂದು ಕೇಳಿದಳು. ಗೋವಾಕ್ಕೆ ಹೋಗಿದ್ದಾನೆ, ಇವತ್ತು ಬರುತ್ತಾನೆ ಎಂದೆ. ಅವಳು ಹೂಂ ಎಂದು ಒಳಗೆ ಹೋಗಿ ಕೈ ತೊಳೆದುಕೊಂಡಳು, ನಾವು ಹೊರಡುವತನಕ ಹೊರಗೆ ಬರಲಿಲ್ಲ.

ನನ್ನ ನಾಚಿಕೆಗೆ ಅವಳೂ ನಾಚಿಕೊಂಡಳು ಎಂದು ನಾನು ತಿಳಿದೆ.

ಮಾಯವ್ವನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ನಾಳೆ ಹನ್ನೊಂದು ಗಂಟೆಗೆ ಬೆಳಗಾವಿ ಕೋರ್ಟಿನಲ್ಲಿ ಗಜಾನನನ ಜಾಮೀನಿನ ವಿಚಾರಣೆ. ನಾನೇ ಬಂದು ನಿಂತು ನನ್ನ ಕಣ್ಣಿನ ವಿಷಯ ಹೇಳುತ್ತೇನೆ, ಸಹಿ ವಾಪಸು ತೆಗೆದುಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ. ನನ್ನ ಮಾತನ್ನು ಅವಳು ಯಾಕಾದರೂ ನಂಬಬೇಕು? ಸರಿಮಾಡಿದ ಕಾರ್ಡನ್ನೂ ವ್ಯೂವರನ್ನೂ ಅವಳ ಕೈಗಿಟ್ಟೆ. ನಾನು ಬರದಿದ್ದರೆ ಇದನ್ನು ವಕೀಲರಿಗೆ ತೋರಿಸು ಎಂದೆ. ಅವಳು ಎರಡನ್ನೂ ಬಟ್ಟೆಯ ಚೀಲದಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು.

ಇನ್ನೂ ಏನಾದರೂ ಮಾಡಬೇಕೆನ್ನಿಸಿತು. ತಪ್ಪು ಮಾಡಿದವನಿಗೆ ಉಪಕಾರ ಮಾಡುವ ಅವಸರ ಜಾಸ್ತಿ. ಅಲ್ಲೇ ನಿಂತು ಪ್ರಸಾದನಿಗೆ ಫೋನು ಹಚ್ಚಿದೆ. ಗೋವಾದಿಂದ ಬರುವ ದಾರಿಯ ಚೋರ್ಲಾ ಘಾಟಿನಲ್ಲಿದ್ದೇನೆ, ಜಾಂಬೋಟಿ ದಾಟಿಯೇ ಬರಬೇಕು ಎಂದ. ನಾಳೆ ಬೆಳಗ್ಗೆ ಜಾಂಬೋಟಿಗೆ ಹೋಗಿ ಮಾಯವ್ವನನ್ನು ಕಾರಿನಲ್ಲಿ ಕೋರ್ಟಿಗೆ ಕರೆದುಕೊಂಡು ಬಾ, ಅವಳ ಹತ್ತಿರ ಸರಿಮಾಡಿದ ಕಾರ್ಡಿದೆ, ಜೋಪಾನ ಎಂದು ಹೇಳಿದೆ. ಕಾರ್ಡು ಅವಳ ಹತ್ತಿರವೇ ಇದೆಯೇ ಎಂದು ಇನ್ನೊಮ್ಮೆ ಕೇಳಿ, ಆಗಲಿ ಅಪ್ಪಾ ಎಂದ. ನನ್ನ ಮಗ ಬರುತ್ತಾನೆ, ಅವನ ಗಾಡಿಯಲ್ಲಿ ನಿಶ್ಚಿಂತೆಯಾಗಿ ಕೂತುಕೋ ಎಂದು ಮಾಯವ್ವನಿಗೆ ಹೇಳಿ ಬಸ್ಸು ಹತ್ತಿಸಿದೆ.

ನನ್ನ ಜೇಬಿನಲ್ಲಿ ಹಳೆಯ ರಟ್ಟು ಉಳಿದಿತ್ತು. ಮಚ್ಛೆಯ ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೂತು ಅದರ ಮೂಲೆಯನ್ನು ಬೆರಳಿನಿಂದ ತಡವುತ್ತ ಬಂದೆ. ಅಲ್ಲಿ ಮೂರು ಸೂಜಿಯ ಚುಚ್ಚುಗಳಿದ್ದವು.

ಆ ಕಾರ್ಖಾನೆಯಲ್ಲಿ ಕಾರ್ಡು ಅಂಟಿಸುವುದಕ್ಕೊಂದು ರೀತಿಯಿದೆ. ಹಿತ್ತಾಳೆಯ ಚೌಕಟ್ಟಿಗೆ ಅಡ್ಡಲಾಗಿ ಕರಿ ನೂಲು ಬಿಗಿದಿರುತ್ತದೆ. ಎರಡೂ ಚಿತ್ರದಲ್ಲಿ ನೂಲು ಒಂದೇ ಎಲೆಯ ಮೇಲೆ, ಒಂದೇ ಕಲ್ಲಿನ ಮೇಲೆ ಹಾಯಬೇಕು. ಅಂಟಿಸಿದ ಮೇಲೆ ಮನಸ್ಸಿನಲ್ಲೇ ಒಂದು ವಚನ ಹೇಳಿ ಮುಗಿಸುವತನಕ ವ್ಯೂವರಿನಲ್ಲಿ ನೋಡಬೇಕು. ಅಷ್ಟು ಹೊತ್ತು ಕಣ್ಣು ತಂಪಾಗಿದ್ದರೆ ಕಾರ್ಡು ಪಾಸು, ಅಂಟಿಸಿದವರು ಮೂಲೆಯಲ್ಲಿ ತಮ್ಮ ಚುಚ್ಚು ಹಾಕುತ್ತಾರೆ. ಒಬ್ಬೊಬ್ಬರದು ಒಂದೊಂದು ಲೆಕ್ಕ. ಮೂರು ಚುಚ್ಚು ಹಾಕುವವನು ಈ ರೀತಿಯನ್ನೇ ಕಟ್ಟಿದ ಮನುಷ್ಯ, ಆ ವಿಭಾಗದ ಮುಖ್ಯಸ್ಥ, ನನ್ನ ಬಾಳೇಶ.

ನಾಲ್ಕು ಗಂಟೆಯ ಚಹಾಕ್ಕೆ ಎಲ್ಲರೂ ಹೊರಗೆ ಹೋಗಿದ್ದರು. ಬಾಳೇಶ ಒಬ್ಬನೇ ನೂಲು ಬಿಗಿಯುತ್ತ ಕೂತಿದ್ದ. ರಟ್ಟನ್ನು ಅವನ ಮುಂದಿಟ್ಟೆ.

"ಇವು ಯಾರ ಚುಚ್ಚು?"

"ನಂದ," ಎಂದ, ಮುಟ್ಟದೆ.

"ಕೈ ತಪ್ಪಿತೇನು?"

"ನನ್ನ ಕೈ ತಪ್ಪೂದಿಲ್ಲ ದುಂಡಪ್ಪಾ. ನಿನಗ ಗೊತ್ತೈತಿ."

ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಕೂತಾಗಲೇ ಗೊತ್ತಾಗಿತ್ತು. ಯಾರು ನೋಡಿದರೂ ಕಣ್ಣು ತಿರುಗಿ ಕೆಳಗಿಡುವಂಥ ಕಾರ್ಡು ಬೇಕಿತ್ತು. ಅದನ್ನು ಆರಾಮಾಗಿ ನೋಡಿ ಸಹಿ ಹಾಕುವವನೊಬ್ಬ ಬೇಕಿತ್ತು. ಅಂಥವನು ಬೆಳಗಾವಿಯಲ್ಲಿ ಒಬ್ಬನೇ ಇದ್ದಾನೆಂದು ಲೋಕದಲ್ಲಿ ಒಬ್ಬನಿಗೇ ತಿಳಿದಿತ್ತು.

"ತನಿಖೆಯವರಿಗೆ ನನ್ನ ಹೆಸರು ಕೊಟ್ಟಾವ ನೀನ?"

"ಹೌದು. ನಾನ ಕೊಟ್ಟೆ."

ನಲವತ್ತು ವರ್ಷ ನಾನು ಈ ಗುಟ್ಟನ್ನು ಅವನ ಹತ್ತಿರ ಇಟ್ಟು ನಿಶ್ಚಿಂತೆಯಾಗಿ ಮಲಗಿದ್ದೆ. ಅವನು ಅದನ್ನು ತೆಗೆದು ಒಬ್ಬ ಅಮಾಯಕನ ಕುತ್ತಿಗೆಗೆ ಬಿಗಿದಿದ್ದ. ಸುಜಯನನ್ನು ತಳ್ಳಿದವನು ನೀನೇನಾ ಎಂದು ಕೇಳಿದೆ. ಆ ದಿನ ತಾನು ಇಲ್ಲೇ ಇದ್ದೆ, ಇಪ್ಪತ್ತು ಜನ ನೋಡಿದ್ದಾರೆ ಎಂದು ಅವನು ಮೆಲ್ಲಗೆ ಹೇಳಿದ. ಮತ್ತೆ ಯಾರಿಗೋಸ್ಕರ ಇದೆಲ್ಲ ಎಂದರೆ ಮತ್ತೆ ನೂಲು ಬಿಗಿಯತೊಡಗಿದ.

ಸಾಯುವ ಮುಂಚಿನ ವಾರ ಸುಜಯ ಒಂದು ಲಾಟ್ ವ್ಯೂವರ್ ತಡೆಹಿಡಿದಿದ್ದ. ಮಸೂರಗಳ ನಡುವಿನ ಅಂತರ ತಪ್ಪಿದೆ, ಮಕ್ಕಳಿಗೆ ತಲೆನೋವು ಬರುತ್ತದೆ, ಗೋವಾಕ್ಕೆ ಆಗಲೇ ಹೋಗಿರುವುದನ್ನೂ ವಾಪಸು ತರಿಸಿ, ಇಲ್ಲದಿದ್ದರೆ ಅಂಗಡಿಗಳಿಗೆ ನಾನೇ ಬರೆಯುತ್ತೇನೆ ಎಂದು ಹಟ ಹಿಡಿದಿದ್ದ. ಕಾರ್ಖಾನೆಯಲ್ಲಿ ಅದರಿಂದ ಯಾರಿಗೆ ಉರಿಯಿತು ಎಂದು, ಹಾಕಿದ ಸಹಿ ಒಳಗೊಳಗೇ ಕೊರೆಯುತ್ತಿದ್ದುದಕ್ಕೆ, ನಾನು ಹೋದ ವಾರವೆಲ್ಲ ಕೇಳಿಕೊಂಡು ತಿರುಗಿದ್ದೆ. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ನನ್ನ ಮುಖ ನೋಡಿ ಮಾತು ಬದಲಿಸಿದ್ದರು.

"ನಾಳೆ ಹನ್ನೊಂದಕ್ಕ ಕೋರ್ಟಿನ್ಯಾಗ ಎಲ್ಲಾ ಹೇಳತೀನಿ," ಎಂದೆ. "ನನ್ನ ಮಾನ ಹೋದ್ರ ಹೋಗಲಿ."

"ಹೇಳು. ನಿನ್ನ ಕಣ್ಣಿಂದೂ ಹೇಳು, ನನ್ನ ಹೆಸರೂ ಹೇಳು. ನಾ ಜೇಲಿಗೆ ಹೋಕ್ಕೀನಿ. ಆ ಕಾರ್ಡು ಮಾತ್ರ ಸರಿ ಮಾಡಸಬ್ಯಾಡ."

"ಮಾಡಿಸೀನಿ. ಸೃಷ್ಟಿ ನೋಡ್ಯಾಳ."

ಬಾಳೇಶನ ಕೈಯಿಂದ ನೂಲು ಜಾರಿತು.

"ಏನ ಕಂಡಳಂತ?"

"ಗಜಾನನ ಕೊರಕಲಿನ ಆಚಿಗೆ ಅದಾನ."

"ಅಷ್ಟನ?"

"ಅಷ್ಟನ. ಇನ್ನೇನೈತಿ?"

ಅವನು ಎದ್ದು ಬಾಗಿಲು ಮುಂದೆ ಮಾಡಿ ಬಂದ. ಸುಜಯನ ಹಿಂದೆ ಕಾರವಿ ಗಿಡದ ಮೆಳೆಯಿದೆ, ಬರಿಗಣ್ಣಿಗೆ ಅದು ಬರೀ ಹಸಿರು, ಎರಡು ಕಣ್ಣು ಕೂಡಿದಾಗ ಮಾತ್ರ ಎಲೆಯಿಂದ ಎಲೆ ಬೇರೆಯಾಗಿ ಒಳಗಿದ್ದವನು ಕಾಣುತ್ತಾನೆ ಎಂದ. ಯಾರು ಎಂದು ಕೇಳಿದೆ. ಅವನು ಎರಡೂ ಕೈ ಜೋಡಿಸಿದ.

"ನಿನಗ ಗೊತ್ತಾಗಬಾರದಂತ ನಾ ಇಷ್ಟೆಲ್ಲಾ ಪಾಪ ಮಾಡೀನಿ. ನನ್ನ ಬಾಯಿಲೆ ಹೇಳಸಬ್ಯಾಡೋ."

ನಾನು ಸೃಷ್ಟಿಗೆ ಫೋನು ಹಚ್ಚಿದೆ. ಸುಜಯನ ಹಿಂದಿನ ಗಿಡದಲ್ಲಿ ಯಾರಾದರೂ ಇದ್ದರೇ ಎಂದು ಕೇಳಿದೆ.

"ಮಧ್ಯಾಹ್ನನ ನೋಡೀನ್ರಿ ಕಾಕಾ. ಆ ಮಾಯವ್ವನ ಮುಂದ ಹೇಳಾಕ ನಾಲಿಗಿ ಏಳಲಿಲ್ಲ."

"ಯಾರು?"

"ಪ್ರಸಾದಣ್ಣ."

ನನ್ನ ಮಗ. ಆ ದಿನ ಪಣಜಿಯಲ್ಲಿದ್ದೆ ಎಂದು ನನ್ನ ಎದುರು ಕೂತು ಊಟ ಮಾಡುತ್ತ ಹೇಳಿದ ನನ್ನ ಮಗ. ಅವನ ಮುಖವನ್ನು ಅರ್ಧ ತಾಸು ಕಣ್ಣಿಗೆ ಹಿಡಿದುಕೊಂಡು ಕೂತು, ನಾನು ಇನ್ನೊಬ್ಬ ತಾಯಿಯ ಮಗನ ಮೇಲೆ ಸಹಿ ಹಾಕಿದ್ದೆ. ಕಾರ್ಖಾನೆಯವರಿಗೆಲ್ಲ ಹೊಳೆದದ್ದು ನನಗೊಬ್ಬನಿಗೆ ಕಂಡಿರಲಿಲ್ಲ.

ಸೃಷ್ಟಿ ಇನ್ನೂ ಫೋನಿನಲ್ಲಿದ್ದಳು. ಕಾರ್ಡು ಈಗ ಎಲ್ಲಿದೆ ಎಂದು ಕೇಳುತ್ತಿದ್ದಳು. ಮಾಯವ್ವನ ಚೀಲದಲ್ಲಿದೆ ಎನ್ನಲು ಬಾಯಿ ತೆರೆದಾಗ, ಅವಳನ್ನು ಕರೆತರಲು ಪ್ರಸಾದನಿಗೆ ಹೇಳಿದವನು ನಾನೇ ಎಂದು ನೆನಪಾಯಿತು.

ಫೋನು ಕಿವಿಯಿಂದ ತೆಗೆದು ನೋಡಿದೆ. ಪ್ರಸಾದನ ಮೆಸೇಜು ಬಂದು ಇಪ್ಪತ್ತು ನಿಮಿಷವಾಗಿತ್ತು. ಅಕ್ಷರ ಸಣ್ಣವು, ಆದರೂ ನನ್ನ ಬಲಗಣ್ಣಿಗೆ ಚೆನ್ನಾಗಿಯೇ ಕಂಡವು.

"ಅಪ್ಪಾ, ನಾಳೆತನಕ ಯಾಕ? ಜಾಂಬೋಟ್ಯಾಗ ಬಸ್ ಇಳಿಯೂದ್ರಾಗ ಮಾಯವ್ವ ಸಿಕ್ಕಳು. ನನ್ನ ಗಾಡ್ಯಾಗ ಕುಂತಾಳ."